ಮಗಳ ಕೋಣೆಗೆ ಕಡುನೀಲಿಯೇ?

ಮನೆಗೆ ಸುಣ್ಣಬಣ್ಣ ಮಾಡಿಸುವ ಮಾತು ಬಂದಾಗ ಹೈಸ್ಕೂಲಿನ ಮಗಳು ‘ನನ್ನ ಕೋಣೆಗೆ ಕಡುನೀಲಿ ಬೇಕು’ ಎಂದರೆ ಹಿರಿಯರು ಹುಬ್ಬೇರಿಸುತ್ತಾರೆ. ಹೆಣ್ಣುಮಕ್ಕಳ ಕೋಣೆಗೆ ಗುಲಾಬಿಯೇ ಚೆಂದ ಎಂಬುದು ನೆಂಟರಿಂದ ಹಿಡಿದು ಪೇಂಟ್ ಅಂಗಡಿಯವರವರೆಗೆ ಎಲ್ಲರ ತೀರ್ಪು. ಇದಕ್ಕೆ ವಿಜ್ಞಾನದ ಆಧಾರವೇನಾದರೂ ಇದೆಯೇ?

ಇಲ್ಲ. ಇದು ಬರೀ ರೂಢಿ, ಅದೂ ಹಳೆಯದೇನಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರ ಪತ್ರಿಕೆಯೊಂದು ತದ್ವಿರುದ್ಧ ಸಲಹೆ ನೀಡಿತ್ತು: ಗುಲಾಬಿ ಗಟ್ಟಿ ಬಣ್ಣ, ಆದ್ದರಿಂದ ಗಂಡುಮಕ್ಕಳಿಗೆ, ನೀಲಿ ನಾಜೂಕು, ಆದ್ದರಿಂದ ಹೆಣ್ಣುಮಕ್ಕಳಿಗೆ! ಈಗಿನ ರೂಢಿ ಅಲ್ಲಿ ಬಲವಾಗಿ ಬೇರೂರಿದ್ದು ಎರಡನೇ ಮಹಾಯುದ್ಧದ ನಂತರ.

ಹಾಗಾದರೆ ಕಡುನೀಲಿ ಬಳಿಸಬಹುದೇ? ಧಾರಾಳವಾಗಿ. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಮೊದಲನೆಯದು ಬೆಳಕಿನದು. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 80ರಷ್ಟನ್ನು ಹಿಂದಿರುಗಿಸುತ್ತದೆ. ಕಡುನೀಲಿ ಶೇ 10ರಷ್ಟನ್ನೂ ಕೊಡುವುದು ಕಷ್ಟ. ಕೋಣೆಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ನೂರು ಪಾಲು ಬೆಳಕು ಬಿಳಿ ಗೋಡೆಗಳ ನಡುವೆ ಮೂರು ಸಲ ಪುಟಿದರೂ ಸುಮಾರು 51 ಪಾಲು ಉಳಿಯುತ್ತದೆ. ಕಡುನೀಲಿ ಗೋಡೆಗಳ ನಡುವೆ ಎರಡನೇ ಸಲಕ್ಕೇ ಒಂದು ಪಾಲಿಗೆ ಇಳಿಯುತ್ತದೆ! ಅದೇ ಟ್ಯೂಬ್‌ಲೈಟ್ ಮಂಕಾಗಿ ಕಾಣುವುದು ಇದಕ್ಕೇ. ಆದ್ದರಿಂದ ಮಂಚದ ಹಿಂದಿನ ಒಂದು ಗೋಡೆಗೆ ಮಾತ್ರ ಕಡುನೀಲಿ ಇರಲಿ. ಚಾವಣಿ ಮತ್ತು ಕಿಟಕಿಯ ಎದುರಿನ ಗೋಡೆ ಬಿಳಿಯಾಗಿರಲಿ. ಓದುವ ಮೇಜಿಗೆ ಪ್ರತ್ಯೇಕ ದೀಪವಿರಲಿ.

ಅಂಗಡಿಯ ಕಾರ್ಡಿನಲ್ಲಿರುವ ಬೆರಳಗಲದ ಬಣ್ಣವನ್ನು ನಂಬಿ ಡಬ್ಬ ಕೊಳ್ಳಬೇಡಿ. ಬಿಸಿಲು, ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬು ಇವುಗಳ ಬೆಳಕಿನಲ್ಲಿ ಬಣ್ಣಗಳ ಬೆರಕೆ ಬೇರೆಬೇರೆ. ಆದ್ದರಿಂದ ಅದೇ ಗೋಡೆ ಬೆಳಿಗ್ಗೆ ಒಂದು ಥರ, ರಾತ್ರಿ ಇನ್ನೊಂದು ಥರ ಕಾಣುತ್ತದೆ. ರಟ್ಟಿನ ದೊಡ್ಡ ಹಾಳೆಗೆ ಬಣ್ಣ ಬಳಿದು ಗೋಡೆಗೆ ಒರಗಿಸಿ, ಬೆಳಿಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ ನೋಡಿ. ಮಕ್ಕಳು ತಾವೇ ಮಾಡಬಹುದಾದ ಸುಲಭ ಪ್ರಯೋಗ ಇದು.

ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯ: ಬಣ್ಣದೊಳಗೆ ಏನಿದೆ? ಹಳದಿ ಬಣ್ಣಕ್ಕೆ ಬಹುಕಾಲ ಬಳಕೆಯಲ್ಲಿದ್ದದ್ದು ಸೀಸದ ಕ್ರೋಮೇಟ್. ಅದಕ್ಕೆ ನೀಲಿ ಬೆರೆಸಿ ಹಸಿರನ್ನೂ ಮಾಡುತ್ತಿದ್ದರು. ಸೀಸ ಬೆಳೆಯುವ ಮಕ್ಕಳ ಮಿದುಳಿಗೆ ವಿಷ. ದೊಡ್ಡವರಿಗಿಂತ ಮಕ್ಕಳ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಭಾರತದಲ್ಲಿ 2016ರಲ್ಲಿ ರೂಪಿಸಿದ ನಿಯಮದ ಪ್ರಕಾರ, 2017ರ ನವೆಂಬರ್ 1ರಿಂದ ಮನೆಬಳಕೆಯ ಪೇಂಟಿನಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಡಬ್ಬದ ಮೇಲೆ ಆ ಮಾತು ಇದೆಯೇ ಎಂದು ನೋಡಿಯೇ ಕೊಳ್ಳಿ.

ಹೊಸ ಬಣ್ಣಕ್ಕಿಂತ ಅದರಡಿಯ ಹಳೆಯ ಪದರದ ಬಗ್ಗೆ ಹೆಚ್ಚು ಎಚ್ಚರ ಬೇಕು. ಹಳೆ ಮನೆಯ ಬಾಗಿಲು, ಕಿಟಕಿಗಳ ಎಣ್ಣೆಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ಧೂಳು ಏಳಬಹುದು. ನೀರು ಹಾಕಿ ಉಜ್ಜಿಸಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸ ಮುಗಿಯುವವರೆಗೆ ಮಕ್ಕಳು ಮತ್ತು ಗರ್ಭಿಣಿಯರು ಆ ಕಡೆ ಸುಳಿಯದಿರಲಿ.

ಬಣ್ಣದ ಆಯ್ಕೆಯನ್ನು ಮಗಳಿಗೇ ಬಿಡಿ. ಡಬ್ಬದ ಹಣೆಪಟ್ಟಿ ಓದುವ ಕೆಲಸವನ್ನೂ ಅವಳಿಗೇ ವಹಿಸಿ.