ಹದಿನೆಂಟು ತುಂಬಿದ ಮೇಲೆ

ನಮ್ಮ ಉಯ್ಯಂಬಳ್ಳಿ ಕಡೆ ಮಗುವೊಂದು ಹೊತ್ತಿಗೆ ಸರಿಯಾಗಿ ಕತ್ತು ನಿಲ್ಲಿಸದಿದ್ದರೆ, ಎರಡು ವರ್ಷವಾದರೂ ಮಾತು ಬಾರದಿದ್ದರೆ, ‘ಕೆಲವು ಮಕ್ಕಳು ನಿಧಾನ, ಹರಕೆ ಹೊತ್ತುಕೊಳ್ಳಿ’ ಎಂದು ಹಿರಿಯರು ಹೇಳುವುದು ರೂಢಿ. ಬೆಂಗಳೂರಿನ ನಿಮ್ಹಾನ್ಸ್‌ಗೆ ತೋರಿಸಬೇಕೆಂದರೆ ಕನಕಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಅಪ್ಪ ಅಮ್ಮ ಇಬ್ಬರದೂ ಒಂದು ದಿನದ ಕೂಲಿ ಖೋತಾ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದರಂತೂ ಸೊಪ್ಪು ಹಾಕುವುದನ್ನು ಬಿಟ್ಟು ಹೊರಡುವಂತೆಯೇ ಇಲ್ಲ. ಎರಡು ಸಲ ಹೋದವರು ಮೂರನೆಯ ಸಲ ಹೋಗುವುದಿಲ್ಲ. ಹಾಗಾದರೆ ಆ ಮಗುವಿಗೆ ಬೇಕಾದ ನೆರವು ಊರಿಗೇ ಬರಬೇಡವೇ? ಈ ವಾರ ಅದರ ಲೆಕ್ಕ ನೋಡೋಣ. ಮಕ್ಕಳೇ, ನೀವೂ ಓದಿ. ನಿಮ್ಮ ತರಗತಿಯಲ್ಲೋ ಬೀದಿಯಲ್ಲೋ ಇಂಥ ಗೆಳೆಯನೊಬ್ಬ ಇರಬಹುದು.

ಬೌದ್ಧಿಕ ನ್ಯೂನತೆ, ಡೌನ್ ಸಿಂಡ್ರೋಮ್, ಆಟಿಸಂ, ಸೆರೆಬ್ರಲ್ ಪಾಲ್ಸಿ ಇವೆಲ್ಲ ಬೆಳವಣಿಗೆಗೆ ಸಂಬಂಧಿಸಿದ ನ್ಯೂನತೆಗಳು. ಇವು ಅಂಟುರೋಗಗಳಲ್ಲ. ಮಾತ್ರೆ ನುಂಗಿದರೆ ವಾಸಿಯಾಗುವಂಥವೂ ಅಲ್ಲ. ಆದರೆ ಇವರು ಕಲಿಯುತ್ತಾರೆ. ಒಂದು ಕೆಲಸವನ್ನು ಹತ್ತು ಸಣ್ಣ ತುಂಡು ಮಾಡಿ, ಒಂದೊಂದನ್ನೇ ತಿಂಗಳುಗಟ್ಟಲೆ ಹೇಳಿಕೊಡುವವರು ಬೇಕು. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ನಮ್ಮ ಚನ್ನಪಟ್ಟಣದ ಬಣ್ಣದ ಬಳೆಗಳನ್ನು ಕಡ್ಡಿಗೆ ಪೋಣಿಸುವ ಮರದ ಆಟಿಕೆ ಇದೆಯಲ್ಲ, ಬೆರಳು ಹಿಡಿತಕ್ಕೂ ಬಣ್ಣ ಗುರುತಿಸುವುದಕ್ಕೂ ಅದೇ ಒಳ್ಳೆಯ ಪಾಠ.

ಆಸ್ಪತ್ರೆಯ ಬದಲು ಮನೆ ಬಾಗಿಲಲ್ಲೇ ಈ ಕಲಿಕೆ ನಡೆಸುವುದಕ್ಕೆ ‘ಸಮುದಾಯ ಆಧಾರಿತ ಪುನರ್ವಸತಿ’ ಎನ್ನುತ್ತಾರೆ. ನೆರೆಯ ಮಂಡ್ಯ ಜಿಲ್ಲೆಯಲ್ಲಿ 1997ರಿಂದ ಇಂಥ ಕಾರ್ಯಕ್ರಮ ಹಳ್ಳಿಹಳ್ಳಿಗಳಲ್ಲಿ ನಡೆಯಿತು. ಬೆಂಗಳೂರಿನ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಮತ್ತು ಮಳವಳ್ಳಿಯ ಒಂದು ಸಂಸ್ಥೆ ಅದನ್ನು ನಡೆಸಿದವು. ಎಲ್ಲ ಬಗೆಯ ವಿಕಲಚೇತನರೂ ಅದರಲ್ಲಿದ್ದರು. ಮುಂದೆ ಸಂಶೋಧಕರು ಬಂದು, ಕಾರ್ಯಕ್ರಮ ಇದ್ದ ಹಳ್ಳಿಗಳನ್ನೂ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದರು. ಪಿಂಚಣಿ, ಸಾಧನ ಸಲಕರಣೆ, ಕೂಲಿ ಸಿಗುವ ಕೆಲಸ ಇವೆಲ್ಲ ಕಾರ್ಯಕ್ರಮ ಇದ್ದ ಕಡೆ ಹೆಚ್ಚು ಜನರಿಗೆ ದಕ್ಕಿದ್ದು ಕಂಡುಬಂತು.

ನಮ್ಮ ರಾಜ್ಯದಲ್ಲಿ ಸರ್ಕಾರವೇ ಗ್ರಾಮ ಪಂಚಾಯಿತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೊಟ್ಟಿದೆ. ಕಚೇರಿಯಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕೇಳಿದರೆ ತೋರಿಸುತ್ತಾರೆ. ಸಾಮಾನ್ಯವಾಗಿ ಅವರೂ ವಿಕಲಚೇತನರೇ. ತಾಲ್ಲೂಕಿಗೆ ಎಂ.ಆರ್.ಡಬ್ಲ್ಯೂ. ಎಂಬ ಇನ್ನೊಬ್ಬರಿದ್ದಾರೆ. ಇವರಿಗೆ ಸಿಗುವುದು ಗೌರವಧನ, ಸಂಬಳವಲ್ಲ. ಅಷ್ಟರಲ್ಲೇ ಹತ್ತಾರು ಹಳ್ಳಿ ಸುತ್ತಬೇಕು, ಅರ್ಜಿ ಬರೆಯಬೇಕು. ಅವರ ಸಮಯವೆಲ್ಲ ಕಾಗದಪತ್ರಕ್ಕೇ ಹೋಗುತ್ತದೆ, ಮನೆಗೆ ಬಂದು ಕಲಿಸುವುದಕ್ಕೆ ಉಳಿಯುವುದು ಕಮ್ಮಿ.

ಆದರೂ ಒಬ್ಬ ಒಳ್ಳೆಯ ಕಾರ್ಯಕರ್ತೆ ಏನು ಮಾಡಬಲ್ಲಳು ಎನ್ನುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಬೀದಿಯ ಒಬ್ಬ ಹೆಣ್ಣುಮಗಳಿಗೆ ಬೌದ್ಧಿಕ ನ್ಯೂನತೆಯ ಮಗನಿದ್ದಾನೆ. ಗಂಡ ತೀರಿಕೊಂಡಿದ್ದಾರೆ. ಮನೆಯಲ್ಲಿ ಹುಳು ಸಾಕುತ್ತಾರೆ. ಹುಡುಗನ ಕೈಗೆ ಕೆಲಸ ಕೊಟ್ಟರೆ ಹಾಳು ಮಾಡುತ್ತಾನೆಂದು ಜಗಲಿಯಲ್ಲೇ ಕೂರಿಸಿದ್ದರು. ಕಾರ್ಯಕರ್ತೆ ಬಂದವಳು ಚಂದ್ರಿಕೆಯಿಂದ ಗೂಡು ಬಿಡಿಸುವ ಕೆಲಸವನ್ನೇ ಆರಿಸಿದಳು. ಮೊದಲು ಒಂದೇ ಗೂಡು ಹಿಡಿದು ಮೆಲ್ಲಗೆ ಎಳೆಯುವುದು. ಅದು ಬಂದ ಮೇಲೆ ಬುಟ್ಟಿಗೆ ಹಾಕುವುದು. ಆಮೇಲೆ ಕಲೆಯಾದದ್ದನ್ನು ಬೇರೆ ಇಡುವುದು. ಮೂರು ಬೆಳೆ ಕಳೆಯುವಷ್ಟರಲ್ಲಿ ಅವನು ಒಂದು ಚಂದ್ರಿಕೆ ಪೂರ್ತಿ ಬಿಡಿಸುತ್ತಿದ್ದ. ಈಗ ಪಕ್ಕದ ಮನೆಯವರೂ ಕರೆದು ಕೂಲಿ ಕೊಡುತ್ತಾರೆ.

ತೊಂದರೆ ಎದುರಾದದ್ದು ಅವನಿಗೆ ಹದಿನೆಂಟು ತುಂಬಿದ ಮೇಲೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಗು ಚಿಕ್ಕದಿರುವಾಗ ಅಪ್ಪ ಅಮ್ಮನೇ ಸಹಜ ಪೋಷಕರು. ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಿಗೆ ಆ ಅಧಿಕಾರ ಮುಗಿಯಿತು. ಅಪ್ಪ ಮಗನ ಹೆಸರಲ್ಲಿ ಇಟ್ಟಿದ್ದ ಠೇವಣಿ ಬಿಡಿಸಿಕೊಳ್ಳಲು ತಾಯಿ ಹೋದರೆ, ಒಂದು ಬ್ಯಾಂಕಿನಲ್ಲಿ ‘ಅವನೇ ಬಂದು ಸಹಿ ಹಾಕಲಿ’ ಎಂದು ಮೂರು ಸಲ ವಾಪಸ್ ಕಳಿಸಿದರು. ಕೊನೆಗೆ ನಮ್ಮ ಮನೆಗೆ ಬಂದರು. “ಅಣ್ಣಾ, ದುಡ್ಡು ಸಿಕ್ದಿದ್ರೆ ಹೋಗ್ಲಿ ಬುಡಿ. ನಂಗೊಂದ್ ದಿನ ಹೆಚ್ಚುಕಮ್ಮಿ ಆದ್ರೆ ಇವ್ನ್ಗೆ ಯಾರು?” ಎಂದರು.

ಇದಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ, ಎಂದರೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ದಾರಿಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಈ ನಾಲ್ಕಕ್ಕೆ ಅದು ಅನ್ವಯ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ. ಅದರಲ್ಲಿ ಒಬ್ಬ ಸ್ವಯಂಸೇವಾ ಸಂಸ್ಥೆಯವರೂ ಒಬ್ಬ ವಿಕಲಚೇತನರೂ ಸದಸ್ಯರು. ತಂದೆತಾಯಿಯೋ ಬಂಧುವೋ ಅರ್ಜಿ ಕೊಟ್ಟರೆ, ಸಮಿತಿ ವಿಚಾರಿಸಿ ಪೋಷಕರನ್ನು ನೇಮಿಸುತ್ತದೆ. ಕೋರ್ಟಿಗೆ ಅಲೆಯಬೇಕಿಲ್ಲ. ಆ ಪ್ರಮಾಣಪತ್ರವನ್ನು ನಂಬಿ ಖಾತೆ ತೆರೆಯಬಹುದು, ನಡೆಸಬಹುದು ಎಂದು ರಿಸರ್ವ್ ಬ್ಯಾಂಕು 2007ರಲ್ಲೇ ಎಲ್ಲ ಬ್ಯಾಂಕುಗಳಿಗೆ ತಿಳಿಸಿದೆ. ಕೌಂಟರಿನಲ್ಲಿ ಗೊತ್ತಿಲ್ಲ ಎಂದರೆ ಮ್ಯಾನೇಜರರನ್ನು ಕಂಡು ಈ ಮಾತು ಹೇಳಿ.

ಆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಲೆಕ್ಕದ ನಿಯಮ. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಾಳೆ ಯಾವನೋ ದಾಯಾದಿ ಪೋಷಕನಾಗಿ ಹುಡುಗನ ಪಾಲಿನ ಹೊಲ ನುಂಗದಂತೆ ಇದೊಂದು ಬೇಲಿ. ನಮ್ಮ ಬೀದಿಯ ತಾಯಿಯ ಅರ್ಜಿಯನ್ನು ಅದೇ ಕಾರ್ಯಕರ್ತೆ ಬರೆದುಕೊಟ್ಟು, ಜೊತೆಯಲ್ಲೇ ಹೋದಳು. ತಿಂಗಳುಗಳೇ ಹಿಡಿದವು, ಆದರೆ ಪ್ರಮಾಣಪತ್ರ ಕೈಗೆ ಬಂತು.

ಆದರೆ ಕಾಗದ ಕೈಗೆ ಬಂದರೂ ಅದು ಅನ್ನ ಬಡಿಸುವುದಿಲ್ಲವಲ್ಲ. ಹೋದ ಮಳೆಗಾಲದಲ್ಲಿ ಆ ತಾಯಿ ಜ್ವರ ಬಂದು ನಾಲ್ಕು ದಿನ ಕನಕಪುರದಲ್ಲಿ ಆಸ್ಪತ್ರೆ ಸೇರಿದರು. ಮಗ ಮನೆಯಲ್ಲಿ ಒಬ್ಬನೇ. ಅದಕ್ಕೂ ಮೊದಲೇ ಕಾರ್ಯಕರ್ತೆ ಅವರ ಬಾಯಿಂದ ಕೇಳಿ ಒಂದು ಹಾಳೆಯಲ್ಲಿ ಬರೆಸಿಟ್ಟಿದ್ದಳು: ಮುದ್ದೆ ಉಣ್ಣುತ್ತಾನೆ, ಚಪಾತಿ ಮುಟ್ಟುವುದಿಲ್ಲ. ಗುಡುಗಿಗೆ ಹೆದರುತ್ತಾನೆ, ಆಗ ಕೈ ಹಿಡಿದುಕೊಂಡರೆ ಸಾಕು. ರಾತ್ರಿ ಫಿಟ್ಸ್ ಮಾತ್ರೆ ತಪ್ಪಿಸಬಾರದು. ಬೈದರೆ ಎದ್ದು ಕೆರೆ ಕಡೆ ಹೋಗುತ್ತಾನೆ. ಆ ಹಾಳೆ ನೋಡಿಕೊಂಡು ಎದುರು ಮನೆಯವರು ಊಟ ಹಾಕಿದರು, ಡೇರಿಯ ಕಾರ್ಯದರ್ಶಿ ರಾತ್ರಿ ಬಂದು ಮಲಗಿದರು, ಮಾತ್ರೆ ಕೊಡುವ ಪಾಳಿ ನನ್ನದು. ನಾಲ್ಕೂ ದಿನ ಅವನು ಚಂದ್ರಿಕೆ ಬಿಡಿಸಿಕೊಂಡು ನೆಮ್ಮದಿಯಾಗಿದ್ದ. ತಾಯಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ನಮಗೆಲ್ಲ ಸಿಕ್ಕಿದ್ದು ಆಗಲೇ. ಹೆತ್ತವರು ಗಟ್ಟಿಯಾಗಿರುವಾಗಲೇ ಮಗ ಊರಿನ ನಾಲ್ಕು ಜನಕ್ಕೆ ಪರಿಚಯವಾಗಿರಬೇಕು, ನಾಲ್ಕು ಜನದ ಕೈಯಲ್ಲಿ ಉಂಡಿರಬೇಕು. ಆಮೇಲೆ ಶುರುಮಾಡಿದರೆ ತಡವಾಯಿತು.

ನಿಮ್ಮ ಮನೆಯಲ್ಲೋ ನೆಂಟರಲ್ಲೋ ಇಂಥವರಿದ್ದರೆ ಮಾಡಬೇಕಾದದ್ದು ಇಷ್ಟು. ಮಗು ಎಂಟು ತಿಂಗಳಾದರೂ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ ಅಂಗನವಾಡಿಯಲ್ಲಿ ಹೇಳಿ. ಮಕ್ಕಳನ್ನು ತಪಾಸಣೆ ಮಾಡುವ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಲ್ಲಿಗೆ ಬರುತ್ತದೆ. ಯು.ಡಿ.ಐ.ಡಿ. ಕಾರ್ಡು ಮಾಡಿಸಿ. ನ್ಯೂನತೆ ಶೇಕಡ 40ಕ್ಕೆ ಕಮ್ಮಿಯಿಲ್ಲದಿದ್ದರೆ ಪಿಂಚಣಿಗೂ ಬಹಳಷ್ಟು ಸವಲತ್ತಿಗೂ ಅದೇ ಕೀಲಿಕೈ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ 2016ರ ಕಾಯ್ದೆ ಕೊಟ್ಟ ಹಕ್ಕು. ಶಾಲೆಗೆ ಹೋಗಲಾರದ ಮಗುವಿಗೆ ಮನೆಗೇ ಬಂದು ಕಲಿಸುವ ಏರ್ಪಾಡನ್ನು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ. ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಖರ್ಚು ಸಿಗುತ್ತದೆ. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಹದಿನೇಳು ತುಂಬುತ್ತಿದ್ದಂತೆ ಪೋಷಕತ್ವದ ಕಾಗದಗಳನ್ನು ಜೋಡಿಸಿಕೊಳ್ಳಿ. ಮತ್ತು ಆ ಒಂದು ಹಾಳೆಯನ್ನು ಇವತ್ತೇ ಬರೆದಿಡಿ.

ಪಂಚಾಯಿತಿಗೂ ಒಂದು ಮಾತು. ಸ್ವಂತ ಆದಾಯದ ಶೇಕಡ 5ರಷ್ಟು ವಿಕಲಚೇತನರಿಗೆ ತೆಗೆದಿಡಬೇಕೆಂಬ ನಿಯಮವಿದೆ. ಆ ಹಣದಲ್ಲಿ ಖಾಲಿ ಬಿದ್ದ ಒಂದು ಕೊಠಡಿಗೆ ಸುಣ್ಣ ಹೊಡೆಸಿ, ವಾರಕ್ಕೆ ಎರಡು ಮಧ್ಯಾಹ್ನ ಈ ಮಕ್ಕಳು ಸೇರುವಂತೆ ಮಾಡಿದರೆ ಅಷ್ಟು ಹೊತ್ತು ತಾಯಂದಿರಿಗೂ ಉಸಿರಾಡಲು ಬಿಡುವು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಪುಟಾಣಿಗಳೇ, ನಿಮಗೆ ನನ್ನದೊಂದು ಸಣ್ಣ ಕೋರಿಕೆ. ಲಗೋರಿ ಆಡುವಾಗ ಜಗಲಿಯ ಮೇಲೆ ಕೂತ ಗೆಳೆಯನನ್ನೂ ಕರೆಯಿರಿ. ಓಡಲು ಬಾರದಿದ್ದರೆ ಕಲ್ಲು ಪೇರಿಸುವ ಕೆಲಸ ಕೊಡಿ. ನಿಧಾನವಾಗಿ ಪೇರಿಸಲಿ, ಕಾಯಿರಿ. ಇನ್ನು ಮೂವತ್ತು ವರ್ಷಕ್ಕೆ ಊರೆಂದರೆ ನೀವೇ. ಅವನ ಹೆಸರು, ಅವನ ಇಷ್ಟ ನಿಮಗೆ ಈಗಲೇ ಗೊತ್ತಿರಲಿ.