ಬಾಲವೂ ಇಲ್ಲದ ಕುದುರೆ

ಬೆಂಗಳೂರಿನ ಹೊಸ ಫ್ಲ್ಯಾಟುಗಳ ಗೋಡೆಗೆ ಈಗ ಕುದುರೆ ಹತ್ತಿದೆ. ಇಡೀ ಕುದುರೆಯಲ್ಲ, ಅದರ ಸಾಮಾನು. ರಿಕಾಪಿನೊಳಗೆ ಬಲ್ಬು, ಕಡಿವಾಣಕ್ಕೆ ಕೀ ಗೊಂಚಲು, ಜೀನಿನ ಕೆಳಗೆ ನಾಲ್ಕು ಕಾಲು ಹಚ್ಚಿದರೆ ಬಾರ್ ಸ್ಟೂಲು. ಎಲ್ಲಿಯದು ಅಂತ ಕೇಳಿ ನೋಡಿ. "ಆ್ಯಂಟಿಕ್ ಬಾಸ್, ಟಿಪ್ಪು ಕಾಲದ್ದು" ಅಂತಾರೆ. ಯಾವ ಊರಿನದು? ಯಾರ ಮನೆಯದು? ಅಲ್ಲಿಗೆ ಮಾತು ನಿಂತುಹೋಗುತ್ತದೆ. ಹಳೆಯ ಜೀನು, ಲಗಾಮು ಕೂಡಿಡುವವರ ಮೇಲೆ ನನಗೆ ಸಿಟ್ಟಿಲ್ಲ. ಊರು, ಮನೆ, ಹೆಸರು ಕೇಳದೆ ಕೂಡಿಡುವವರ ಮೇಲೆ ಇದೆ. ಅವರು ಸಂಗ್ರಹ ಅಂತ ಕರೆಯುವುದನ್ನು ನಾನು ಚರಿತ್ರೆ ಅಳಿಸುವ ಕೆಲಸ ಅನ್ನುತ್ತೇನೆ.

ನಾನು ರಾಯಚೂರು ಸೀಮೆಯವನು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಡುವೆ ವಳಕಮದಿನ್ನಿಯಂಥ ಊರುಗಳಿವೆ. ನೀವು ಮ್ಯಾಪಿನಲ್ಲಿ ದೊಡ್ಡದು ಮಾಡಿ ಹುಡುಕಬೇಕು. ಆದರೆ ಕುದುರೆಗಳಿಗೆ ಈ ನೆಲ ಚೆನ್ನಾಗಿ ಗೊತ್ತಿತ್ತು. ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಬಹಮನಿಗಳು, ಆದಿಲಶಾಹಿಗಳು, ವಿಜಯನಗರದವರು ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದು ಶಾಲೆಯಲ್ಲಿ ಓದಿದ್ದೇವೆ. ಆ ಯುದ್ಧದ ಬಗ್ಗೆ ಬರೆದ ಪೋರ್ಚುಗೀಸ್ ನೂನಿಜ್ ಇನ್ನೊಂದು ಲೆಕ್ಕವನ್ನೂ ಕೊಟ್ಟಿದ್ದಾನೆ: ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನಂತೆ. ಅದಕ್ಕೂ ಮೊದಲು ಆಳಿದ ಸಾಳುವ ನರಸಿಂಹ ದಾರಿಯಲ್ಲಿ, ಸಮುದ್ರದಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದ. ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕಿತ್ತು.

ಐದು ನೂರು ವರ್ಷದ ಹಿಂದೆ ಸತ್ತ ಕುದುರೆಗೂ ಪುರಾವೆ ಕೇಳುತ್ತಿದ್ದರು. ಸಾವಿರಾರು ರೂಪಾಯಿ ಎಣಿಸಿ ಜೀನು ಕೊಳ್ಳುವ ನೀವು ಬಾಲವನ್ನೂ ಕೇಳುವುದಿಲ್ಲ.

ಕೇಳಲೇಬೇಕು ಅನ್ನೋದಕ್ಕೆ ಕಾರಣವಿದೆ. ಹೈದರಾಬಾದ್ ಕಂಟಿಂಜೆಂಟ್ ಅಂತ ಒಂದು ಪಡೆ ಇತ್ತು. ಅಧಿಕಾರ ಇಂಗ್ಲಿಷರದು, ಖರ್ಚು ನಿಜಾಮನದು. ಆ ಬಾಕಿ ತೀರದಿದ್ದಾಗ 1853ರಲ್ಲಿ ಇಂಗ್ಲಿಷರು ಬೇರಾರಿನ ಜೊತೆಗೆ ರಾಯಚೂರು ದೋಆಬನ್ನೂ ವಶಕ್ಕೆ ತೆಗೆದುಕೊಂಡರು. ನಮ್ಮ ಭಾಗ ವಾಪಸಾದದ್ದು 1860ರಲ್ಲಿ. ಅಷ್ಟು ವರ್ಷ ನಮ್ಮ ಜೋಳದ ಹೊಲದ ಕಂದಾಯ ಆ ಪಡೆಯ ಖರ್ಚಿಗೆ ಜಮಾ ಆಯಿತು. ಲಿಂಗಸುಗೂರಿನಲ್ಲೇ ಅದರ ದಂಡು ಬೀಡುಬಿಟ್ಟಿತ್ತು.

ಆ ಪಡೆಯ ಸವಾರರು ಶಿಲೇದಾರರು. ಅಂದರೆ ಕುದುರೆ, ಜೀನು, ಲಗಾಮು ಎಲ್ಲದರ ಖರ್ಚೂ ಸವಾರನದೇ; ಸರ್ಕಾರ ಕೊಡುತ್ತಿದ್ದದ್ದು ಸಂಬಳ. ದಳಕ್ಕೆ ಸೇರಲು ಮೊದಲು ಕೈಯಿಂದ ಹಣ ಕಟ್ಟಬೇಕಿತ್ತು. 1903ರಲ್ಲಿ ಇದೇ ಅಶ್ವದಳ ಭಾರತೀಯ ಸೈನ್ಯದೊಳಗೆ ಸೇರಿತು. ಅದರಿಂದ ಬಂದ ಡೆಕ್ಕನ್ ಹಾರ್ಸ್ 1916ರ ಜುಲೈ 14ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಈಟಿ ಹಿಡಿದು ನುಗ್ಗಿತು. ಶಿಲೇದಾರಿ ಪದ್ಧತಿ ಮುಗಿದದ್ದು ಆ ಮಹಾಯುದ್ಧದ ನಂತರ.

ಇದರ ಅರ್ಥ ನೋಡಿ. ಸರ್ಕಾರಿ ಜೀನಿನ ಮೇಲೆ ಮುದ್ರೆ ಇರುತ್ತದೆ: ಬಾಣದ ಗುರುತು, ಇಸವಿ, ಕಾರ್ಖಾನೆಯ ಹೆಸರು. ಅದು ತನ್ನ ಕಥೆ ತಾನೇ ಹೇಳುತ್ತದೆ. ಊರಿನ ಜೀನಗಾರ ಹೊಲಿದುಕೊಟ್ಟ ಜೀನಿಗೆ ಯಾವ ಮುದ್ರೆ? ಅದರ ಕಥೆ ಇರುವುದು ಆ ಮನೆಯ ಅಜ್ಜಿಯ ಬಾಯಲ್ಲಿ ಮಾತ್ರ. ಗುಜರಿಯವನು ಅದನ್ನು ಮಾಳಿಗೆಯಿಂದ ಇಳಿಸಿ, ಮೂರು ಕೈ ದಾಟಿಸಿ ನಿಮಗೆ ಮಾರುವ ಹೊತ್ತಿಗೆ ಅಜ್ಜಿ ಹಿಂದೆಯೇ ಉಳಿದಿರುತ್ತಾಳೆ. ನಿಮ್ಮ ಕೈಗೆ ಸಿಗುವುದು ತೊಗಲು, ಹಿತ್ತಾಳೆ ಮತ್ತು ಟಿಪ್ಪುವಿನ ಹೆಸರು. ಟಿಪ್ಪು ಸತ್ತದ್ದು 1799ರಲ್ಲಿ. ಕಾನ್ಪುರದ ಸರ್ಕಾರಿ ಜೀನು ಕಾರ್ಖಾನೆ ಶುರುವಾದದ್ದೇ 1857ರ ದಂಗೆಯ ನಂತರ. ಆದರೂ ಕಾನ್ಪುರದ ಮುದ್ರೆ ಇರುವ ಜೀನನ್ನೇ ಟಿಪ್ಪುವಿನದು ಅಂತ ನಂಬುವವರಿಗೆ ಏನು ಹೇಳೋಣ?

"ನಾವು ಕೊಳ್ಳದಿದ್ದರೆ ಅದು ತೂಕಕ್ಕೆ ಹೋಗಿ ಕರಗುತ್ತಿತ್ತು" ಅಂತ ವಾದ ಮಾಡುತ್ತೀರಿ. ಅರ್ಧ ನಿಜ. ಇನ್ನರ್ಧ ಹೀಗಿದೆ: ನಿಮ್ಮ ಗೋಡೆಗೆ ಹೊಳೆಯುವುದು ಬೇಕು. ಹಾಗಾಗಿ ಹಿತ್ತಾಳೆ ಉಳಿಯುತ್ತದೆ, ಒಣಗಿದ ಚರ್ಮದ ಪಟ್ಟಿ, ಕೆಳಗಿನ ಕಂಬಳಿ ತಿಪ್ಪೆಗೆ ಬೀಳುತ್ತವೆ. ಜೋಡಿ ರಿಕಾಪು ಬೇರೆ ಬೇರೆ ಮನೆ ಸೇರುತ್ತವೆ. ಉಳಿದ ಚರ್ಮಕ್ಕೆ ಬೂಟ್ ಪಾಲಿಶ್ ತಿಕ್ಕುತ್ತೀರಿ, ಎಣ್ಣೆ ಸುರಿಯುತ್ತೀರಿ. ಹೊಲಿಗೆಯ ಗುರುತು, ಬೆವರಿನ ಕಲೆ, ಯಾರೋ ಕೆತ್ತಿದ ಅಕ್ಷರ ಎಲ್ಲ ಮುಚ್ಚಿಹೋಗುತ್ತವೆ. ಮೆತ್ತನೆಯ ದಿಂಬಿನ ಮೇಲೆ ಕೂರಬೇಕಾದ ಜೀನನ್ನು ಮೊಳೆಗೆ ನೇತುಹಾಕುತ್ತೀರಿ. ಅದು ತನ್ನ ಭಾರಕ್ಕೇ ಸೀಳುತ್ತದೆ. ಗುಜರಿಯವನು ಒಂದೇ ದಿನದಲ್ಲಿ ಮಾಡುವುದನ್ನು ನೀವು ಹತ್ತು ವರ್ಷದಲ್ಲಿ ಮಾಡುತ್ತೀರಿ, ಅಷ್ಟೇ.

ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ವಸ್ತು ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಮೊದಲ ಮಹಾಯುದ್ಧದ ಜೀನುಗಳಿಗೂ ಈಗ ನೂರು ತುಂಬಿದೆ. ಅಮೆರಿಕದ ಗೆಳೆಯನಿಗೆ ಗಿಫ್ಟ್ ಕಳಿಸುವ ಮೊದಲು ಯೋಚಿಸಿ.

ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮಾಡಿದ್ದು ಇವತ್ತಿಗೂ ನೆನಪಿದೆ, ಯಾಕೆಂದರೆ ರಾಜರ ಪಡೆಗೆ ದಾಖಲೆ ಇತ್ತು, ದೆಹಲಿಯ ತೀನ್ ಮೂರ್ತಿ ಇತ್ತು. ನಮ್ಮ ಕಡೆಯ ಸವಾರನಿಗೆ ಇದ್ದದ್ದು ಒಂದು ಜೀನು, ಒಂದು ಮನೆ.

ಆದ್ದರಿಂದ ಕೊಳ್ಳುವುದಾದರೆ ಕೊಳ್ಳಿ. ಆದರೆ ಒರೆಸುವ ಮೊದಲು ಫೋಟೋ ತೆಗೆಯಿರಿ. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ಯಾವ ಊರು, ಯಾರ ಮನೆ, ಯಾರು ಕೂತಿದ್ದರು, ನೀವು ಕೊಟ್ಟ ದುಡ್ಡೆಷ್ಟು. ಅದರ ಒಂದು ಪ್ರತಿ ಆ ಮನೆಗೂ ಕೊಡಿ. ಮಾರುವವನು ಊರಿನ ಹೆಸರು ಹೇಳಲು ತಡವರಿಸಿದರೆ ಎದ್ದು ಬನ್ನಿ. ಗೋಡೆಗೆ ಬರೀ ಹೊಳಪು ಬೇಕಿದ್ದರೆ ಕಾನ್ಪುರದಲ್ಲಿ ಇವತ್ತಿಗೂ ಹೊಸ ಜೀನು ಹೊಲಿಯುತ್ತಾರೆ. ಅದನ್ನೇ ತಂದು ನೇತುಹಾಕಿ, ಯಾರ ಅಜ್ಜನೂ ಅದರಿಂದ ಕೆಳಗೆ ಬೀಳುವುದಿಲ್ಲ.