ಸೈಕಲ್ಲಿನ ಬಾಲಿಕೆಯೂ ಮೋಟಾರಿನ ಗೃಹಸ್ಥರೂ

ಈ ಸ್ಮರಣ ಸಂಚಿಕೆಗೋಸ್ಕರ ಶಾಲೆಯ ಅಭಿವೃದ್ಧಿಯ ವಿಷಯವಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ಪರೀಕ್ಷೆಗಳ ಫಲಿತಾಂಶ, ಕಟ್ಟಡದ ಕೆಲಸ, ಬಹುಮಾನ ಪಡೆದವರ ಹೆಸರು ಇವೆಲ್ಲ ವಾರ್ಷಿಕ ವರದಿಯಲ್ಲಿ ಬಂದೇ ಇರುವವು. ಆದಕಾರಣ ಶಾಲೆಯ ಬಾಗಿಲಿನ ಆಚೆಗಿರುವ ಹಾದಿಯನ್ನು ಕುರಿತು ಬರೆಯಲಿಕ್ಕೆ ನಾವು ಮನಸ್ಸು ಮಾಡಿದ್ದೇವೆ. ಹಾದಿಯು ಸುರಕ್ಷಿತವಾಗಿರದಿದ್ದರೆ ಬಾಲಿಕೆಯು ಶಾಲೆಯನ್ನು ಮುಟ್ಟುವದಿಲ್ಲ. ಅವಳು ಮುಟ್ಟದ ಶಾಲೆಯಲ್ಲಿ ನಾವು ಎಷ್ಟು ಚೆನ್ನಾಗಿ ಕಲಿಸಿದರೂ ಅವಳಿಗೇನು?

ಕಳೆದ ವರ್ಷ ಮಳೆಗಾಲದ ಒಂದು ಸಾಯಂಕಾಲ ಒಂಬತ್ತನೆಯ ಇಯತ್ತೆಯ ಬಾಲಿಕೆಯೊಬ್ಬಳು ಸೈಕಲ್ಲಿನ ಮೇಲೆ ಊರಿಗೆ ಹೋಗುತ್ತಿರಲಾಗಿ ಹಿಂದಿನಿಂದ ಬಂದ ಲಾರಿಯೊಂದು ಅವಳ ಬೆನ್ನಿಗೇ ಹತ್ತಿದಂತೆ ಹಾರ್ನು ಬಾರಿಸಿತು. ಅವಳು ಗಾಬರಿಯಾಗಿ ಎಡಕ್ಕೆ ಹಾರಿದಳು. ಅಲ್ಲಿ ಡಾಂಬರಿನ ಅಂಚಿಗೂ ಕೆಳಗಿನ ನೆಲಕ್ಕೂ ಒಂದು ಗೇಣಿನಷ್ಟು ಇಳಿಜಾರು. ಕಾಲು ಊರಲಿಲ್ಲ, ಕೈ ಊರಿತು, ಮುಂಗೈಯ ಎಲುಬು ಮುರಿಯಿತು. ಲಾರಿಯು ಅವಳನ್ನು ಮುಟ್ಟಲೂ ಇಲ್ಲ, ನಿಲ್ಲಲೂ ಇಲ್ಲ. ಅವಳ ತಂದೆಯವರು ಮಗಳ ವಿದ್ಯೆಯಲ್ಲಿ ಆಸ್ಥೆಯುಳ್ಳವರು. ಆದರೂ ಎಂಟು ದಿನಗಳೊಳಗೆ ಆ ಸೈಕಲ್ಲನ್ನು ಮಾರಿಬಿಟ್ಟರು. ಅವರ ಹಳ್ಳಿಗೆ ಬಸ್ಸು ಬರುವದು ಶಾಲೆಯ ಗಂಟೆಗೆ ಹೊಂದದು. ಎಲುಬು ಕೂಡಿದ ಮೇಲೆಯೂ ಹುಡುಗಿಯು ಮನೆಯಲ್ಲಿಯೇ ಉಳಿದಳು.

ಅವಳನ್ನು ಕರೆಯಲಿಕ್ಕೆ ನಾವೇ ಅವರ ಮನೆಗೆ ಹೋದೆವು. ಆಗ ಅವಳು, "ಹಾರ್ನು ಕೇಳಿದ ಕೂಡಲೆ ಇಳಿದುಬಿಡಿರಿ ಎಂದು ತಾವೇ ಹೇಳಿದ್ದಿರಲ್ಲ, ಬಾಯಿಯವರೇ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಕಲಿತದ್ದನ್ನು ಒಪ್ಪಿಸುವ ವಿದ್ಯಾರ್ಥಿನಿಯಂತೆ ಹೇಳಿದಳು. ನಿಜವೇ. ಇಪ್ಪತ್ತು ವರ್ಷಗಳಿಗೆ ಹತ್ತಿರವಾಗಿ ಬೆಳಗಿನ ಪ್ರಾರ್ಥನೆಯ ತರುವಾಯ ನಾವು ಈ ಮಾತನ್ನು ಹೇಳುತ್ತ ಬಂದಿದ್ದೆವು. ಅದು ತಪ್ಪು ಉಪದೇಶವಾಗಿತ್ತೆಂದು ಒಪ್ಪಿಕೊಳ್ಳುವದಕ್ಕೇ ಈ ಲೇಖನ.

ತಪ್ಪು ಹೇಗೆಂದರೆ, ನಮ್ಮ ಸೀಮೆಯಲ್ಲಿ ಇಳಿಯಲಿಕ್ಕೆ ಸ್ಥಳವಿಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಬಹುಭಾಗವು ಎರೆಭೂಮಿ. ಬೇಸಿಗೆಯಲ್ಲಿ ಸಡಕಿನ ಮಗ್ಗಲಿನ ನೆಲವು ಕಾಲು ಹೋಗುವಷ್ಟು ಬಿರಿಯುವದು. ಒಂದು ಮಳೆಯಾದರೆ ಅದೇ ಮಣ್ಣು ಅಂಟಾಗಿ ಗಾಲಿಗೂ ಮಡ್ಗಾರ್ಡಿಗೂ ನಡುವೆ ತುಂಬಿ ಗಾಲಿಯು ತಿರುಗದಂತೆ ಹಿಡಿದುಬಿಡುವದು. ಅದನ್ನು ಕಡ್ಡಿಯಿಂದ ಕೆರೆದು ತೆಗೆದು, ಹತ್ತು ಹೆಜ್ಜೆ ನೂಕಿ, ಪುನಃ ಕೆರೆಯಬೇಕು. ಮೋಟಾರಿನಲ್ಲಿ ಕುಳಿತವರಿಗೆ ಸೈಕಲ್ಲಿನವನು ಹಟದಿಂದ ಡಾಂಬರು ಬಿಡಲೊಲ್ಲನೆಂದು ಕಾಣುತ್ತದೆ. ಬಿಟ್ಟರೆ ಅವನು ಮುಂದೆ ಹೋಗಲಾರನೆಂಬದು ಅವರಿಗೆ ತಿಳಿಯದು. ಇದಲ್ಲದೆ ಆಷಾಢದ ಗಾಳಿಯೊಂದುಂಟು. ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಡ್ಡಗಾಳಿಗೆ ಎದುರಾಗಿ ಸೈಕಲ್ಲನ್ನು ತುಸು ವಾಲಿಸಿಕೊಂಡು ಹೋಗುವ ಹುಡುಗಿಯ ಪಕ್ಕದಲ್ಲಿ ದೊಡ್ಡ ಲಾರಿಯು ಹಾಯುವಾಗ ಕ್ಷಣಮಾತ್ರ ಗಾಳಿಯು ಮರೆಯಾಗುತ್ತದೆ, ಲಾರಿಯು ದಾಟಿದೊಡನೆ ಇಮ್ಮಡಿಯಾಗಿ ಬಡಿಯುತ್ತದೆ. ಎಂಥ ಚತುರ ಸವಾರನಾದರೂ ಆ ಒಂದು ಕ್ಷಣ ಮೊಳದಷ್ಟು ಓಲದೆ ಇರನು.

ಇನ್ನು ಲೆಕ್ಕದ ಮಾತು. ಒಂದೇ ಸಾಲಿನ ಹಳ್ಳಿಯ ಸಡಕಿನಲ್ಲಿ ಡಾಂಬರಿನ ಅಗಲವು 3.75 ಮೀಟರು. ಬಸ್ಸು ಲಾರಿಗಳಿಗೆ ಕಾನೂನು ಒಪ್ಪುವ ಅಗಲವು 2.6 ಮೀಟರಿನವರೆಗೆ. ಉಳಿಯುವದು ಒಂದು ಮೀಟರಿಗೆ ತುಸು ಮೇಲೆ. ಅದರಲ್ಲಿ ಸೈಕಲ್ಲಿನ ಹ್ಯಾಂಡಲ್ಲು ಅರ್ಧ ಮೀಟರಿಗಿಂತ ಹೆಚ್ಚು ಸ್ಥಳ ಹಿಡಿಯುವದು. ಬಸ್ಸು ಬಲ ಅಂಚಿನಲ್ಲಿಯೂ ಹುಡುಗಿಯು ಎಡ ಅಂಚಿನಲ್ಲಿಯೂ ಹೋದರೂ ಇಬ್ಬರ ನಡುವೆ ಉಳಿಯುವದು ಒಂದು ಮೊಳ. ಗಾಳಿಗೆ ಸೈಕಲ್ಲು ಓಲುವದೂ ಒಂದು ಮೊಳ! ಹತ್ತನೆಯ ಇಯತ್ತೆಯವರಿಗೆ ಈ ಲೆಕ್ಕವನ್ನು ಹಲಗೆಯ ಮೇಲೆ ಹಾಕಿ ತೋರಿಸಿದಾಗ ಅವರು ನಕ್ಕರು, ಆಮೇಲೆ ಸುಮ್ಮನಾದರು. ಜರ್ಮನಿಯಲ್ಲಿ 2020ರಲ್ಲಿ ನಿಯಮಕ್ಕೆ ಸೇರಿಸಿದ ಮಾತೇನೆಂದರೆ, ಸೈಕಲ್ಲಿನವರನ್ನು ಹಿಂದೆ ಹಾಕುವ ಮೋಟಾರು ಊರೊಳಗೆ ಒಂದೂವರೆ ಮೀಟರು, ಊರ ಹೊರಗೆ ಎರಡು ಮೀಟರು ಅಂತರ ಬಿಡತಕ್ಕದ್ದು. ಒಂದೂವರೆ ಮೀಟರೆಂದರೆ ನಮ್ಮ ಮೂರು ಮೊಳಕ್ಕೆ ತುಸು ಹೆಚ್ಚು. ನಮ್ಮ ಹಳ್ಳಿಯ ಸಡಕಿನಲ್ಲಿ ಮೂರು ಮೊಳವು ಇಲ್ಲವೇ ಇಲ್ಲ. ಇಲ್ಲದ್ದನ್ನು ಬಿಡೆಂದು ಯಾರಿಗೂ ಹೇಳಲಾಗದು. ಹಾಗಾದರೆ ಉಳಿದ ಉಪಾಯವು ಒಂದೇ: ಮೋಟಾರಿನವರು ವೇಗವನ್ನು ತಗ್ಗಿಸಿ, ಹಾದಿಯು ಅಗಲವಾಗುವವರೆಗೆ ಇಲ್ಲವೆ ಹುಡುಗಿಯು ಗಟ್ಟಿಯಾದ ನೆಲವನ್ನು ನೋಡಿ ಸಮಾಧಾನದಿಂದ ಬದಿಗೆ ಸರಿಯುವವರೆಗೆ ಅವಳ ಹಿಂದೆ ಹೋಗುವದು. ಇದರಿಂದ ಹೋಗುವ ಹೊತ್ತು ಒಂದು ನಿಮಿಷವಾದೀತು, ಎರಡಾದೀತು.

ಮೋಟಾರಿನ ಗೃಹಸ್ಥರು ಇಲ್ಲಿ ನಮ್ಮನ್ನು ತಡೆದು, "ಬಾಯಿಯವರೇ, ನಿಮ್ಮ ಹುಡುಗಿಯರೇನು ಕಡಿಮೆಯೇ?" ಎಂದು ಕೇಳಬಹುದು. ಕಡಿಮೆಯಲ್ಲ. ಮೂವರು ಗೆಳತಿಯರು ಒಂದೇ ಸಾಲಾಗಿ ಮಾತನಾಡುತ್ತ ಸಡಕನ್ನೆಲ್ಲ ತಮ್ಮದೇ ಮಾಡಿಕೊಂಡು ಹೋಗುವದನ್ನು ನಾವೂ ಕಂಡಿದ್ದೇವೆ, ಕೂಗಿಯೂ ಇದ್ದೇವೆ. ಪುಸ್ತಕದ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕುವರು. ಓಡಣಿಯ ಸೆರಗನ್ನು ಗಾಲಿಗೆ ಬಿಟ್ಟುಕೊಡುವರು. ಓಣಿಯಿಂದ ದೊಡ್ಡ ಸಡಕಿಗೆ ಬರುವಾಗ ನಿಂತು ನೋಡುವದಿಲ್ಲ. ದೀಪದ ಮಾತಂತೂ ಕೇಳಲೇ ಬಾರದು. ಹಿಂದೆ ಡೈನಮೋ ದೀಪವಿಲ್ಲದೆ ರಾತ್ರಿ ಸೈಕಲ್ಲು ಹತ್ತಿದರೆ ಪೋಲೀಸರು ಹಿಡಿಯುತ್ತಿದ್ದರೆಂದು ನಮ್ಮ ಹಿರಿಯರು ಹೇಳುವದುಂಟು. ಹಿಂದಿನ ಮಡ್ಗಾರ್ಡಿನ ತುದಿಗೆ ಬಿಳಿಯ ಬಣ್ಣವನ್ನಾದರೂ ಬಳಿಯುತ್ತಿದ್ದರು. ಈಗ ಅದೂ ಇಲ್ಲ. ಇವೆಲ್ಲ ತಪ್ಪುಗಳೇ, ತಿದ್ದುವದು ನಮ್ಮ ಕೆಲಸ.

ಆದರೆ ತಪ್ಪಿನ ಫಲವು ಇಬ್ಬರಿಗೂ ಸಮನಾಗಿಲ್ಲವೆಂಬದನ್ನು ಮರೆಯಬಾರದು. ಹುಡುಗಿಯೂ ಅವಳ ಸೈಕಲ್ಲೂ ಕೂಡಿ ಅರವತ್ತು ಕಿಲೋ. ಉಸುಕು ತುಂಬಿದ ಲಾರಿಯು ಅದರ ಮುನ್ನೂರು ಪಾಲು. ಗಂಟೆಗೆ ಅರವತ್ತು ಕಿಲೋಮೀಟರಿನ ವೇಗದಲ್ಲಿ ಬರುವ ಮೋಟಾರು ಒಂದು ಸೆಕೆಂಡಿಗೆ ಐವತ್ತೈದು ಅಡಿ ಮುಂದೆ ಬರುವದು. ಚಾಲಕನು ಕಂಡು ಬ್ರೇಕಿನ ಮೇಲೆ ಕಾಲಿಡುವದಕ್ಕೇ ಅಷ್ಟು ಹೊತ್ತು ಬೇಕು. ವೇಗವು ಇಮ್ಮಡಿಯಾದರೆ ಹೊಡೆತದ ಶಕ್ತಿಯು ನಾಲ್ಮಡಿಯಾಗುವದೆಂದು ನಮ್ಮ ವಿಜ್ಞಾನದ ಪಾಠದಲ್ಲಿಯೇ ಇದೆ. ಹೀಗಿರುವಲ್ಲಿ ಹದಿನಾಲ್ಕು ವರ್ಷದ ಬಾಲಿಕೆಯ ತಪ್ಪನ್ನೂ ಲೈಸೆನ್ಸು ಪಡೆದ ಪ್ರಾಯಸ್ಥನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಜನ. ಅವರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರು ಸೈಕಲ್ಲಿನ ಮೇಲಿದ್ದವರು, ಕಾಲುನಡಿಗೆಯವರು ಮೂವತ್ತೆರಡು ಸಾವಿರಕ್ಕೂ ಹೆಚ್ಚು. ಇವರಲ್ಲಿ ಯಾರೊಬ್ಬರೂ ತಮ್ಮ ಭಾರದಿಂದ ಲಾರಿಯ ಚಾಲಕನನ್ನು ಕೊಂದವರಲ್ಲ.

"ಇಷ್ಟು ಅಪಾಯವಿದ್ದ ಮೇಲೆ ಹೆಣ್ಣುಮಕ್ಕಳಿಗೆ ಸೈಕಲ್ಲೇಕೆ?" ಎಂದು ಕೇಳುವ ತಾಯಿತಂದೆಗಳು ಬಹಳ. ನಮ್ಮ ಸರಕಾರದವರು 2006-07ರಲ್ಲಿ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದರು. 2020ರ ಮಹಾಮಾರಿಯ ಕಾಲದಲ್ಲಿ ಅದು ನಿಂತಿತು. ಆ ಸೈಕಲ್ಲುಗಳ ಬೋಲ್ಟು ಸಡಿಲವೆಂದು ನಕ್ಕವರು ಉಂಟು, ಆದರೆ ಸಾಯಂಕಾಲ ಹಳ್ಳಿಗಳ ಕಡೆಗೆ ಸಾಲಾಗಿ ಹೋಗುವ ಬಾಲಿಕೆಯರನ್ನು ಮೊದಲು ನೋಡಿದ ದಿನವನ್ನು ನಾವು ಮರೆತಿಲ್ಲ. ಬಿಹಾರ ಪ್ರಾಂತದಲ್ಲಿಯೂ 2006ರಲ್ಲಿಯೇ ಹಾಯಸ್ಕೂಲಿಗೆ ಸೇರಿದ ಬಾಲಿಕೆಯರಿಗೆ ಸೈಕಲ್ಲಿಗಾಗಿ ಹಣ ಕೊಡತೊಡಗಿದರು. ಕಾರ್ತಿಕ ಮುರಳೀಧರನ್, ನಿಶಿತ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಹಾಯಸ್ಕೂಲು ಸೇರುವ ಬಾಲಿಕೆಯರ ಪ್ರಮಾಣವು ನೂರಕ್ಕೆ ಮೂವತ್ತೆರಡರಷ್ಟು ಹೆಚ್ಚಿತು; ಅದೂ ಶಾಲೆಯು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿಯೇ ವಿಶೇಷವಾಗಿ. ತಮಿಳುನಾಡಿನ ಪುದುಕೋಟೆಯಲ್ಲಿ 1991ರಲ್ಲಿ ನಡೆದ ಸಾಕ್ಷರತೆಯ ಚಳುವಳಿಯಲ್ಲಿ ಕಲೆಕ್ಟರರಾಗಿದ್ದ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಸಂಗಡ ಸೈಕಲ್ಲನ್ನೂ ಹೆಂಗಸರಿಗೆ ಕಲಿಸಿದರು. 2023ರ ಜೂನಿನಲ್ಲಿ ನಮ್ಮಲ್ಲಿ ಸ್ತ್ರೀಯರಿಗೆ ಬಸ್ಸಿನ ಪ್ರಯಾಣವು ಉಚಿತವಾದದ್ದು ದೊಡ್ಡ ಉಪಕಾರವೇ ಸರಿ. ಆದರೆ ಟಿಕೀಟು ಉಚಿತವಾದ ಮಾತ್ರಕ್ಕೆ ಬಸ್ಸು ಬಾರದ ಹಳ್ಳಿಗೆ ಬಸ್ಸು ಬಂದಂತಾಗಲಿಲ್ಲ. ಸೈಕಲ್ಲನ್ನು ಮಾರುವದರಿಂದ ಮೈಗೆ ಬರುವ ಅಪಾಯವು ತಪ್ಪೀತು. ಓದಿಗೆ ಬರುವ ಅಪಾಯವು ಅಂದಿನಿಂದಲೇ ಆರಂಭವಾಗುವದು.

ಹಾಲೆಂಡಿನ ತಾಯಿತಂದೆಗಳು ಬೇರೆ ಹಾದಿ ಹಿಡಿದರು. ಇಂದು ಸೈಕಲ್ಲಿನ ನಾಡೆಂದು ಹೆಸರಾದ ಆ ದೇಶದಲ್ಲಿ 1971ರಲ್ಲಿ ರಸ್ತೆಯ ಮೇಲೆ ಮೂರು ಸಾವಿರಕ್ಕಿಂತ ಹೆಚ್ಚು ಜನರು ಸತ್ತರು. ಅವರಲ್ಲಿ ಮಕ್ಕಳೇ ನಾಲ್ಕು ನೂರಕ್ಕೆ ಮಿಕ್ಕಿ ಇದ್ದರು. ತಾಯಂದಿರು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಲಿಲ್ಲ; "ಮಕ್ಕಳ ಕೊಲೆಯನ್ನು ನಿಲ್ಲಿಸಿರಿ" ಎಂಬ ಕಠೋರವಾದ ಹೆಸರಿನ ಸಂಘವನ್ನು ಕಟ್ಟಿ ಬೀದಿಗೆ ಬಂದರು. ಸರಕಾರವು ಕಿವಿಗೊಟ್ಟಿತು, ಸೈಕಲ್ಲಿಗೆ ಬೇರೆ ಹಾದಿಗಳಾದವು, ಮನೆಗಳಿರುವ ಬೀದಿಗಳಲ್ಲಿ ಮೋಟಾರಿನ ವೇಗವನ್ನು ತಗ್ಗಿಸಿದರು. ನಮ್ಮ ಮೈಸೂರಿನಲ್ಲಿ 2017ರಲ್ಲಿ ಬಾಡಿಗೆಯ ಸೈಕಲ್ಲಿನ ವ್ಯವಸ್ಥೆಯನ್ನು ಮಾಡಿದಾಗ ಪತ್ರಿಕೆಗಳೆಲ್ಲ ಹೊಗಳಿದವು. ಹೊಗಳತಕ್ಕದ್ದೇ. ಆದರೆ ಮೈಸೂರಿನ ಅಗಲವಾದ ಬೀದಿಗಳೂ ಅಲ್ಲಿಯ ಪ್ರವಾಸಿಗಳೂ ಬೇರೆ. ಹೆಸರುಕಾಯಿ ಬಿಡಿಸುವ ಕಾಲದ ನಮ್ಮ ಸಡಕುಗಳೇ ಬೇರೆ.

ಹೆಸರುಕಾಯಿಯ ಮಾತು ಬಂದದ್ದರಿಂದ ರೈತಬಾಂಧವರಿಗೂ ಒಂದು ಬಿನ್ನಹ. ಶ್ರಾವಣ ಭಾದ್ರಪದಗಳಲ್ಲಿ ಹೆಸರು, ಮಾಘದಲ್ಲಿ ಕಡಲೆ, ಹೀಗೆ ಬೆಳೆಯನ್ನು ಡಾಂಬರಿನ ಮೇಲೆ ಹರವಿ ಹಾಯುವ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ರೂಢಿಯು ನಮ್ಮಲ್ಲಿ ಬಿದ್ದಿದೆ. ಕಣಗಳು ಹೋದವು, ಆಳು ಸಿಗುವದಿಲ್ಲ, ಮಳೆಯು ಕಾಯುವದಿಲ್ಲ. ಇದೆಲ್ಲ ನಮಗೆ ತಿಳಿದದ್ದೇ, ನಮ್ಮ ತವರಿನವರೂ ಒಕ್ಕಲಿಗರೇ. ಆದರೆ ಆ ಹೊಟ್ಟಿನ ಮೇಲೆ ಸೈಕಲ್ಲಿನ ಗಾಲಿಯು ಎಣ್ಣೆಯ ಮೇಲೆ ಜಾರಿದಂತೆ ಜಾರುವದು. ರಾಶಿಯ ಸುತ್ತ ಇಟ್ಟ ಕಲ್ಲುಗಳು ಸಂಜೆಗತ್ತಲೆಯಲ್ಲಿ ಕಾಣವು. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರುಗಳೂ ಹಾಗೆಯೇ. ನರಗುಂದದಲ್ಲಿ ಊರಿನ ಜನವೂ ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಓಡುವ 52ನೆಯ ರಾಷ್ಟ್ರೀಯ ಹೆದ್ದಾರಿಯ ಲಾರಿಗಳೂ ಒಂದೇ ಕಡೆ ಕೂಡುವದರಿಂದ ಅಲ್ಲಿಯ ಬಾಲಿಕೆಯರಿಗೆ ಈ ಕಷ್ಟವು ಇಮ್ಮಡಿ.

ಇನ್ನೊಂದನ್ನು ಬರೆಯಲಿಕ್ಕೆ ನಮಗೆ ಸಂಕೋಚವಾಗುತ್ತದೆ, ಯಾಕಂದರೆ ಅದು ನಮ್ಮ ವಿದ್ಯಾರ್ಥಿನಿಯರ ಮನೆಗಳದ್ದೇ ಮಾತು. ಅಕ್ಕನನ್ನು ಶಾಲೆಗೆ ಬಿಡಲಿಕ್ಕೆ ಹದಿಮೂರು ವರ್ಷದ ತಮ್ಮನು ತಂದೆಯ ಮೋಟಾರು ಸೈಕಲ್ಲಿನ ಮೇಲೆ ಬರುತ್ತಾನೆ. ಕಾಲು ನೆಲಕ್ಕೆ ಪೂರಾ ಮುಟ್ಟುವದಿಲ್ಲ. ತಂದೆಗೆ ಅದೊಂದು ಹೆಮ್ಮೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ಬಾಲಕನು ಮೋಟಾರು ನಡೆಸಿ ಅಪರಾಧ ಮಾಡಿದರೆ ಪಾಲಕರಿಗೆ ಇಪ್ಪತ್ತೈದು ಸಾವಿರ ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು. ಸೈಕಲ್ಲಿನ ಮಗಳಿಗಾಗಿ ಹೆದರುವ ತಂದೆಯು ಮೋಟಾರು ಸೈಕಲ್ಲಿನ ಮಗನಿಂದ ಇತರರ ಮಕ್ಕಳಿಗೆ ಏನಾದೀತೆಂದು ಹೆದರದಿರುವದನ್ನು ಕಂಡು ನಮಗೆ ಆಶ್ಚರ್ಯವಾಗಿದೆ.

ಬಿದ್ದವರನ್ನು ಎತ್ತುವ ವಿಷಯದಲ್ಲಿಯಾದರೋ ನಮ್ಮ ಶಾಲೆಯವರಿಗೆ ಹೊಸದಾಗಿ ಹೇಳತಕ್ಕದ್ದಿಲ್ಲ. ಯೆರಿಕೋವಿನ ಹಾದಿಯಲ್ಲಿ ಗಾಯಗೊಂಡು ಬಿದ್ದವನ ಸಾಮ್ಯವು ಇಲ್ಲಿ ಚಿಕ್ಕ ಮಕ್ಕಳಿಗೂ ಬರುತ್ತದೆ. ಆ ಒಳ್ಳೆಯ ಸಮಾರ್ಯದವನ ಹೆಸರನ್ನೇ ನಮ್ಮ ರಾಜ್ಯವು ತನ್ನ 2016ರ ಕಾಯಿದೆಗೆ ಇಟ್ಟುಕೊಂಡಿದೆ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರನ್ನು ಪೀಡಿಸಕೂಡದೆಂಬದು ಅದರ ಸಾರ. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯೂ ಸಿಕ್ಕಿತು. ಪೋಲೀಸರ ಅಂಜಿಕೆಯಿಂದ ನಿಲ್ಲದೆ ಹೋದೆವೆನ್ನುವವರಿಗೆ ಈಗ ಆ ನೆವವಿಲ್ಲ.

ನಮ್ಮ ಮಟ್ಟಿಗೆ ನಾವು ಮಾಡಿದ್ದನ್ನು ಹೇಳುತ್ತೇವೆ. ಹಾರ್ನು ಕೇಳಿದೊಡನೆ ಇಳಿಯಬೇಕೆಂಬ ಹಳೆಯ ಪಾಠವನ್ನು ಪ್ರಾರ್ಥನೆಯ ಸಭೆಯಲ್ಲಿಯೇ ಹಿಂದಕ್ಕೆ ತೆಗೆದುಕೊಂಡೆವು. ಈಗ ಹೇಳುವದೇನೆಂದರೆ: ನೆಟ್ಟಗೆ ಹೋಗಿರಿ, ಒಬ್ಬರ ಹಿಂದೆ ಒಬ್ಬರಾಗಿ ಹೋಗಿರಿ, ಡಾಂಬರಿನ ತೀರ ಅಂಚಿಗೆ ಹೋಗದೆ ಒಂದು ಮೊಳ ಒಳಗಿರಿ, ಗಟ್ಟಿ ನೆಲವು ಕಂಡಾಗ ಕೈ ತೋರಿಸಿ ನಿಧಾನವಾಗಿ ಸರಿಯಿರಿ. ಹತ್ತನೆಯ ಇಯತ್ತೆಯ ವಿಶೇಷ ವರ್ಗಗಳನ್ನು ಸಾಯಂಕಾಲ ಆರರವರೆಗೆ ನಡೆಸುತ್ತಿದ್ದೆವು; ಮಾರ್ಗಶಿರ ಪುಷ್ಯಗಳಲ್ಲಿ ಅದರಿಂದ ಬಾಲಿಕೆಯರು ಕತ್ತಲೆಯಲ್ಲಿ ಹೋಗಬೇಕಾಗುತ್ತಿತ್ತು. ಕತ್ತಲೆಯಲ್ಲಿ ಕಳುಹಿಸಿ ದೀಪವಿಲ್ಲವೆಂದು ಗದರಿಸುವದು ನಮಗೇ ನಾಚಿಕೆಯ ಸಂಗತಿ. ಈಗ ಆ ವರ್ಗಗಳು ಬೆಳಿಗ್ಗೆ ನಡೆಯುತ್ತವೆ. ಮಡ್ಗಾರ್ಡುಗಳಿಗೆಲ್ಲ ಹೊಲಿಗೆಯ ವರ್ಗದ ಹುಡುಗಿಯರು ಕೆಂಪು ಹೊಳೆಯುವ ಪಟ್ಟಿಯನ್ನು ಅಂಟಿಸಿದ್ದಾರೆ. ಒಂದಕ್ಕೆ ಕೆಲವೇ ರೂಪಾಯಿಗಳ ಖರ್ಚು. ಶಾಲೆಯ ಬಿಡುವಿನ ಹೊತ್ತಿನಲ್ಲಿ ಪಾಲಕರ ಮೋಟಾರುಗಳೂ ಶಿಕ್ಷಕರ ಗಾಡಿಗಳೂ, ನಮ್ಮದೂ ಸೇರಿ, ಬಾಗಿಲಿನಿಂದ ನೂರು ಹೆಜ್ಜೆ ಹಿಂದೆಯೇ ನಿಲ್ಲತಕ್ಕದ್ದೆಂದು ಗೊತ್ತುಮಾಡಿದೆವು.

ಮುಂಗೈ ಮುರಿದ ಬಾಲಿಕೆಯು ದೀಪಾವಳಿಯ ರಜೆಯ ತರುವಾಯ ತಿರುಗಿ ಬಂದಳು. ಎರಡು ತಿಂಗಳ ಗಣಿತವು ತಪ್ಪಿದ್ದರಿಂದ ಬಹಳ ಕಷ್ಟಪಟ್ಟಳು, ಈಗಲೂ ಪಡುತ್ತಿದ್ದಾಳೆ. ತಂದೆಯವರು ಬೇರೊಂದು ಸೈಕಲ್ಲನ್ನು, ಹಳೆಯದೇ, ಕೊಡಿಸಿದ್ದಾರೆ. ನೂರು ಹೆಜ್ಜೆಯ ಕಟ್ಟಳೆಯನ್ನು ಹೆಚ್ಚಿನ ಪಾಲಕರು ನಡಿಸುತ್ತಿದ್ದಾರೆ. ಇಬ್ಬರು ಗೃಹಸ್ಥರು ಮಾತ್ರ ಇನ್ನೂ ಮೋಟಾರನ್ನು ಬಾಗಿಲಿಗೇ ತಂದು ಹಾರ್ನು ಬಾರಿಸುತ್ತಾರೆ. ಅವರಿಗೆ ಮೂರನೆಯ ಪತ್ರವನ್ನು ಬರೆದಿದ್ದೇವೆ.